ಮದ್ದಿಗೆ ಮೊದಲು ಬಂದ ಭಯ

1986ರ ಮೊದಲ ತಿಂಗಳುಗಳಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನ ಸ್ನಾತಕೋತ್ತರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ತಮ್ಮ ಪ್ರಬಂಧಕ್ಕಾಗಿ ರಿಮ್ಯಾಂಡ್ ಹೋಮಿನಲ್ಲಿದ್ದ ಲೈಂಗಿಕ ವೃತ್ತಿಯ ಹೆಂಗಸರಿಂದ ರಕ್ತ ಸಂಗ್ರಹಿಸುತ್ತಿದ್ದರು. ವಿಷಯ ಸೂಚಿಸಿದವರು ಅವರ ಪ್ರಾಧ್ಯಾಪಕಿ ಸುನೀತಿ ಸಾಲೊಮನ್. ಕೈಗೆ ಗವಸಿರಲಿಲ್ಲ, ಮಾದರಿಗಳನ್ನಿಡಲು ಸರಿಯಾದ ಜಾಗವಿರಲಿಲ್ಲ. ಸೀರಂ ತುಂಬಿದ ಸೀಸೆಗಳು ನಿರ್ಮಲಾ ಅವರ ಮನೆಯ ಫ್ರಿಜ್ಜಿನಲ್ಲಿ ಕೂತವು. ಪರೀಕ್ಷೆಯ ಸೌಲಭ್ಯ ಮದ್ರಾಸಿನಲ್ಲೂ ಇರಲಿಲ್ಲವಾದ್ದರಿಂದ ಗಂಡನ ಜೊತೆ ರಾತ್ರಿ ರೈಲು ಹತ್ತಿ ಕಾಟ್ಪಾಡಿಗೆ ಹೋಗಿ, ಅಲ್ಲಿಂದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಮುಟ್ಟಿಸಿದರು. ಆರು ಮಾದರಿಗಳು ಹಳದಿ ಬಣ್ಣಕ್ಕೆ ತಿರುಗಿದವು. ಭಾರತದಲ್ಲಿ ಎಚ್‌ಐವಿ ಇದೆ ಎಂದು ಗೊತ್ತಾದದ್ದು ಹೀಗೆ. ರಕ್ತ ಕೊಟ್ಟ ಹೆಂಗಸರಿಗೆ ಅದು ಯಾವ ಪರೀಕ್ಷೆಯೆಂದು ಹೇಳಿರಲಿಲ್ಲ. ಹೇಳಿದ್ದರೂ ಏಡ್ಸ್ ಎಂದರೇನೆಂದು ಅವರಿಗೆ ತಿಳಿಯುತ್ತಿರಲಿಲ್ಲ ಎಂದು ನಿರ್ಮಲಾ ಅವರೇ ಮುಂದೆ ನೆನಪಿಸಿಕೊಂಡಿದ್ದಾರೆ. ಅವರು ಹೇಳಿದ್ದು ಆ ದಿನಗಳ ಮಟ್ಟಿಗೆ ನಿಜವೇ. ಈ ದೇಶದಲ್ಲಿ ಎಚ್‌ಐವಿ ಪರೀಕ್ಷೆಯ ಚರಿತ್ರೆ ಶುರುವಾಗುವುದು ಪರೀಕ್ಷೆಗೊಳಗಾದವರಿಗೆ ಏನೂ ಗೊತ್ತಿಲ್ಲದ ಜಾಗದಿಂದ, ಅದೂ ಸರ್ಕಾರದ ಬೀಗದೊಳಗಿನಿಂದ.

ಆ ಹೊತ್ತಿಗೆ ಈ ರೋಗಕ್ಕೆ ಜಗತ್ತಿನಲ್ಲೆಲ್ಲೂ ಮದ್ದಿರಲಿಲ್ಲ. ಮೊದಲ ಔಷಧಿ ಎಜೆಡ್‌ಟಿಗೆ ಅಮೆರಿಕದಲ್ಲಿ ಪರವಾನಗಿ ಸಿಕ್ಕಿದ್ದು 1987ರಲ್ಲಿ. ಮೂರು ಔಷಧಿಗಳನ್ನು ಕೂಡಿಸಿ ಕೊಟ್ಟರೆ ವೈರಸ್ಸನ್ನು ಹದ್ದುಬಸ್ತಿನಲ್ಲಿಡಬಹುದೆಂದು ಖಚಿತವಾದದ್ದು 1996ರಲ್ಲಿ. ಆ ಮಾತ್ರೆಗಳ ವರ್ಷದ ಖರ್ಚು ಹತ್ತು ಸಾವಿರ ಡಾಲರಿಗೂ ಮೇಲಿತ್ತು. ಅದನ್ನು 350 ಡಾಲರಿಗೆ ಕೊಡುತ್ತೇವೆಂದು ಮುಂಬೈಯ ಸಿಪ್ಲಾ ಕಂಪನಿ ಘೋಷಿಸಿದ್ದು 2001ರಲ್ಲಿ. ಭಾರತ ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಮಾತ್ರೆ ಉಚಿತವಾಗಿ ಕೊಡಲು ಆರಂಭಿಸಿದ್ದು 2004ರ ಏಪ್ರಿಲ್ 1ರಂದು, ಅದೂ ಎಂಟೇ ಕೇಂದ್ರಗಳಲ್ಲಿ. ಅಂದರೆ ವೆಲ್ಲೂರಿನ ಆ ಹಳದಿ ಬಣ್ಣಕ್ಕೂ ಉಚಿತ ಮಾತ್ರೆಗೂ ನಡುವೆ ಹದಿನೆಂಟು ವರ್ಷ. ಎಚ್‌ಐವಿಯೊಂದಿಗೆ ಬದುಕುವವರ ಖಿನ್ನತೆ, ಆತಂಕ, ಆತ್ಮಹತ್ಯೆಯ ಯೋಚನೆಗಳನ್ನು ನಾವು ಸಾಮಾನ್ಯವಾಗಿ ರೋಗದ ನೆರಳೆಂದು ಬಗೆಯುತ್ತೇವೆ: ರೋಗ ದೊಡ್ಡದು, ನೆರಳೂ ದೊಡ್ಡದು. ಆದರೆ ಆ ಹದಿನೆಂಟು ವರ್ಷಗಳನ್ನು ಒಂದೊಂದಾಗಿ ನೋಡುತ್ತಾ ಬಂದರೆ ಬೇರೆಯೇ ಒಂದು ಸಂಗತಿ ಕಾಣುತ್ತದೆ. ಇಲ್ಲಿ ಮೊದಲು ಬಂದದ್ದು ಭಯ, ಆಮೇಲೆ ಪರೀಕ್ಷೆ, ಬಹಳ ತಡವಾಗಿ ಮದ್ದು, ಇನ್ನೂ ತಡವಾಗಿ ಕಾನೂನು. ಮನಸ್ಸಿನ ಸರದಿ ಎಲ್ಲಕ್ಕಿಂತ ಕೊನೆಗೆ. ಆ ಸಂಕಟದ ಬಹುಭಾಗವನ್ನು ಹುಟ್ಟಿಸಿದ್ದು ವೈರಸ್ಸಲ್ಲ, ಈ ಅನುಕ್ರಮ.

ಭಯ ರೋಗಿಗಿಂತ ಮೊದಲು ಬಂತು ಎಂಬುದು ಬರಿಯ ಮಾತಿನ ಚಮತ್ಕಾರವಲ್ಲ. 1987ರಲ್ಲೇ ವೆಲ್ಲೂರಿನ ವೈದ್ಯರು ಬ್ರಿಟನ್ನಿನ ಮನೋವೈದ್ಯಕೀಯ ಪತ್ರಿಕೆಯೊಂದಕ್ಕೆ ‘ಏಡ್ಸ್ ಫೋಬಿಯಾ’ ಎಂಬ ತಲೆಬರಹದಲ್ಲಿ ಬರೆದಿದ್ದರು: ಸೋಂಕು ಇಲ್ಲದಿದ್ದರೂ ತಮಗೆ ಏಡ್ಸ್ ಬಂದಿದೆಯೆಂಬ ಭೀತಿ ಹಿಡಿದವರ ಬಗ್ಗೆ. ದೇಶದಲ್ಲಿ ಏಡ್ಸ್ ರೋಗಿಗಳನ್ನು ಬೆರಳಲ್ಲಿ ಎಣಿಸಬಹುದಾಗಿದ್ದ ಕಾಲ ಅದು. ಆಳುವವರ ತಲೆಯೂ ಬೇರೆ ದಿಕ್ಕಿನಲ್ಲಿ ಓಡುತ್ತಿರಲಿಲ್ಲ. ಭಾರತೀಯರು ವಿದೇಶಿಯರೊಡನೆ ದೈಹಿಕ ಸಂಬಂಧ ಬೆಳೆಸುವುದನ್ನೇ ಕಾನೂನಿನಿಂದ ನಿಷೇಧಿಸಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮುಖ್ಯಸ್ಥರಾಗಿದ್ದ ಎ.ಎಸ್. ಪೈಂಟಲ್ ಸಲಹೆ ಕೊಟ್ಟರು. ಇಂದು ಓದಿದರೆ ನಗು ಬರುತ್ತದೆ, ಅಂದು ಅದು ಗಂಭೀರ ಸುದ್ದಿ. 1989ರಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾದ ಏಡ್ಸ್ ತಡೆ ಮಸೂದೆ ಬಲವಂತದ ಪರೀಕ್ಷೆ, ಬಲವಂತದ ಪ್ರತ್ಯೇಕತೆ ಎರಡಕ್ಕೂ ದಾರಿ ತೆರೆದಿತ್ತು. ವಿರೋಧ ಬಂದು ಅದು ಹಿಂದೆ ಸರಿಯಿತು. ಆದರೆ ಅಂಥ ಕಾನೂನು ಗೋವೆಯಲ್ಲಿ ಆಗಲೇ ಜಾರಿಯಲ್ಲಿತ್ತು. ಅದೇ ವರ್ಷ ಫೆಬ್ರವರಿಯಲ್ಲಿ, ನಿಯಮಿತವಾಗಿ ರಕ್ತದಾನ ಮಾಡುತ್ತಿದ್ದ ಡೊಮಿನಿಕ್ ಡಿಸೋಜಾ ಎಂಬ ಯುವಕನನ್ನು ಪೊಲೀಸರು ಕರೆದೊಯ್ದು 64 ದಿನ ಕೂಡಿಹಾಕಿದರು. ದಾನ ಮಾಡಿದ ರಕ್ತದಲ್ಲಿ ವೈರಸ್ ಸಿಕ್ಕಿತ್ತು, ಅಷ್ಟೇ ಅಪರಾಧ. ತಾಯಿ ಲೂಸಿ ಡಿಸೋಜಾ ಹೂಡಿದ ದಾವೆಯಲ್ಲಿ ಬಾಂಬೆ ಹೈಕೋರ್ಟ್ ಕಾನೂನನ್ನೇ ಎತ್ತಿಹಿಡಿಯಿತು. ಮದ್ರಾಸಿನಲ್ಲಿ ಶಿಕ್ಷೆಯ ಅವಧಿ ಮುಗಿದಿದ್ದರೂ ಸೋಂಕಿದೆಯೆಂಬ ಕಾರಣಕ್ಕೆ ಒಳಗೇ ಉಳಿಸಿಕೊಂಡಿದ್ದ ಹೆಂಗಸರನ್ನು ಬಿಡಿಸಲು ಪತ್ರಕರ್ತೆಯೊಬ್ಬರು ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು.

ಗೋವೆಯಲ್ಲಿ ಡೊಮಿನಿಕ್‌ನನ್ನು ಕೂಡಿಹಾಕಿದ ಜಾಗ ಯಾವುದಾಗಿತ್ತೆಂಬುದನ್ನು ಮರೆಯಬಾರದು: ಬಳಕೆ ತಪ್ಪಿದ ಹಳೆಯ ಕ್ಷಯ ಸ್ಯಾನಟೋರಿಯಂ. ಇಲ್ಲಿ ಒಂದು ಆಕ್ಷೇಪ ತಾನಾಗಿಯೇ ಎದ್ದುನಿಲ್ಲುತ್ತದೆ. ಕ್ಷಯಕ್ಕೂ ಹಾಗೇ ಆಗಿತ್ತಲ್ಲ, ಕುಷ್ಠಕ್ಕೆ ಇನ್ನೂ ಕೆಟ್ಟದಾಗಿ ಆಗಿತ್ತಲ್ಲ. ಕುಷ್ಠರೋಗಿಗಳನ್ನು ಹಿಡಿದು ಕೂಡಿಹಾಕಲು ಬ್ರಿಟಿಷರು 1898ರಲ್ಲೇ ಕಾಯ್ದೆ ಮಾಡಿರಲಿಲ್ಲವೇ? ಜನ ಹೆದರುವ ಯಾವ ರೋಗವಾದರೂ ರೋಗಿಯ ಮನಸ್ಸನ್ನು ಮುರಿಯುತ್ತದೆ, ಎಚ್‌ಐವಿಯಲ್ಲಿ ವಿಶೇಷವೇನು? ಆಕ್ಷೇಪದಲ್ಲಿ ಹುರುಳಿದೆ. ಆದರೆ ಕ್ಷಯದ ಕಥೆಯನ್ನು ಪೂರ್ತಿ ಓದಬೇಕು. 1956ರಲ್ಲಿ ಮದ್ರಾಸಿನಲ್ಲಿ ಕ್ಷಯ ಕೀಮೋಥೆರಪಿ ಕೇಂದ್ರ ಶುರುವಾಯಿತು. ಮೂರೇ ವರ್ಷದಲ್ಲಿ ಅದು ಜಗತ್ತಿಗೆ ತೋರಿಸಿಕೊಟ್ಟದ್ದು, ಮಾತ್ರೆ ನುಂಗುತ್ತಾ ಮನೆಯಲ್ಲೇ ಇದ್ದ ರೋಗಿ ಸ್ಯಾನಟೋರಿಯಮ್ಮಿನ ರೋಗಿಯಷ್ಟೇ ಚೆನ್ನಾಗಿ ಗುಣವಾಗುತ್ತಾನೆ, ಮನೆಮಂದಿಗೆ ಅದರಿಂದ ಹೆಚ್ಚಿನ ಅಪಾಯವಿಲ್ಲ ಎಂಬುದನ್ನು. ಮದ್ದು ಬಂತು, ಬೆನ್ನಿಗೇ ರೋಗಿ ಮನೆಗೆ ಬಂದ. ಎಚ್‌ಐವಿಯ ವಿಷಯದಲ್ಲಿ ಗಡಿಯಾರ ಹಿಂದುಮುಂದಾಗಿ ತಿರುಗಿತು. ಕ್ಷಯಕ್ಕೆಂದು 1928ರಲ್ಲಿ ಕಟ್ಟಿದ ತಾಂಬರಂ ಸ್ಯಾನಟೋರಿಯಂ ತೊಂಬತ್ತರ ದಶಕದಲ್ಲಿ ದೇಶದ ಅತಿ ದೊಡ್ಡ ಎಚ್‌ಐವಿ ಆಸ್ಪತ್ರೆಗಳಲ್ಲೊಂದಾಯಿತು. ಕರ್ನಾಟಕದ, ಆಂಧ್ರದ ರೋಗಿಗಳೂ ಅಲ್ಲಿಗೆ ಹೋದರು. ಊರಿನವರಿಗೆ ಗೊತ್ತಾಗದಷ್ಟು ದೂರದಲ್ಲಿದ್ದುದೇ ಎಷ್ಟೋ ಜನಕ್ಕೆ ಆ ಆಸ್ಪತ್ರೆಯ ದೊಡ್ಡ ಗುಣವಾಗಿತ್ತು.

ಕನ್ನಡದ ಮಾತನ್ನೂ ಕೊಂಚ ತಡಕಾಡಬೇಕು. ಪತ್ರಿಕೆಗಳು, ಭಿತ್ತಿಪತ್ರಗಳು, ಶಾಲೆಯ ಭಾಷಣಗಳು ಏಡ್ಸಿಗೆ ಕೊಟ್ಟ ಹೆಸರು ‘ಮಹಾಮಾರಿ’. ಪ್ಲೇಗು, ಕಾಲರಾಗಳಿಂದ ಬಂದ ಪದ ಅದು; ಯಾರೂ ಕೆಟ್ಟ ಉದ್ದೇಶದಿಂದ ಬಳಸಿದ್ದಲ್ಲ. ಆದರೆ ಮಾರಿಯನ್ನು ಏನು ಮಾಡಬೇಕೆಂದು ನಮ್ಮ ಹಳ್ಳಿಗಳಿಗೆ ಶತಮಾನಗಳಿಂದ ಗೊತ್ತು: ಪೂಜಿಸಬೇಕು, ಬಲಿ ಕೊಡಬೇಕು, ಕೊನೆಗೆ ಮೆರವಣಿಗೆಯಲ್ಲಿ ಹೊತ್ತೊಯ್ದು ಊರಗಡಿ ದಾಟಿಸಬೇಕು. ಪ್ಲೇಗು ಬಂದು ಹೋಗುತ್ತಿತ್ತು; ಗಡಿಯಾಚೆ ಹೋದದ್ದು ದೇವಿಯ ಬೊಂಬೆ ಮಾತ್ರ. ಹತ್ತಾರು ವರ್ಷ ದೇಹದೊಳಗೇ ಕೂತಿರುವ ವೈರಸ್ಸಿಗೆ ಮಾರಿಯೆಂದು ಹೆಸರಿಟ್ಟರೆ ಗಡಿ ದಾಟಬೇಕಾದವರು ಯಾರು? ಇದಕ್ಕೆ ಉತ್ತರದಂತೆ ಮಂಡ್ಯ ಜಿಲ್ಲೆಯ ಮೆಣಸಿಕ್ಯಾತನಹಳ್ಳಿಯಲ್ಲಿ 1997ರಲ್ಲಿ ವಿಜ್ಞಾನದ ಮೇಷ್ಟ್ರೊಬ್ಬರು ‘ಏಡ್ಸಮ್ಮ’ನ ಗುಡಿ ಕಟ್ಟಿದರು. ಹೊರಗಿನವರು ಅದನ್ನು ಮೂಢನಂಬಿಕೆಯೆಂದು ಬರೆದದ್ದೂ ಉಂಟು. ಗುಡಿಯ ಉದ್ದೇಶ ರೋಗ ಹರಡುವ, ಹರಡದಿರುವ ಬಗೆಯನ್ನು ಊರಿಗೆ ತಿಳಿಸುವುದಾಗಿತ್ತು. ನನಗೆ ಅದರಲ್ಲಿ ಕಾಣುವುದು ಬೇರೊಂದು ಜಾಣ್ಮೆ: ಭಾಷೆ ಒಮ್ಮೆ ಮಾರಿಯೆಂದು ಕರೆದ ಮೇಲೆ ಆ ಮಾರಿಯನ್ನು ಊರೊಳಗೇ ಕೂರಿಸುವುದು. ಇಷ್ಟಾದರೂ ‘ಏಡ್ಸ್ ಪೀಡಿತ’ ‘ಎಚ್‌ಐವಿ ಸೋಂಕಿತ’ನಾಗಲು, ‘ಸೋಂಕಿತ’ ‘ಎಚ್‌ಐವಿಯೊಂದಿಗೆ ಬದುಕುತ್ತಿರುವವರು’ ಆಗಲು ಎರಡು ದಶಕ ಹಿಡಿಯಿತು. ಅಮೆರಿಕದ ಡೆನ್ವರಿನಲ್ಲಿ ರೋಗಿಗಳೇ ಒಟ್ಟುಸೇರಿ ತಮ್ಮನ್ನು ಬಲಿಪಶುಗಳೆನ್ನಬೇಡಿ ಎಂದದ್ದು 1983ರಲ್ಲಿ.

ಈ ಅನುಕ್ರಮ ಮನಸ್ಸಿಗೆ ಏನು ಮಾಡಿತೆಂಬುದಕ್ಕೆ ಸಾಕ್ಷ್ಯವಿದೆ. ನ್ಯೂಯಾರ್ಕ್ ನಗರದ 1985ರ ಸಾವುಗಳನ್ನು ಪರಿಶೀಲಿಸಿ 1988ರಲ್ಲಿ ಪ್ರಕಟವಾದ ಅಧ್ಯಯನವೊಂದು, ಏಡ್ಸ್ ಇದ್ದ 20ರಿಂದ 59 ವಯಸ್ಸಿನ ಗಂಡಸರಲ್ಲಿ ಆತ್ಮಹತ್ಯೆಯ ಪ್ರಮಾಣ ಅದೇ ವಯಸ್ಸಿನ ಉಳಿದವರಿಗಿಂತ 36 ಪಟ್ಟು ಹೆಚ್ಚೆಂದು ಹೇಳಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪ್ರಭಾ ಚಂದ್ರ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನ ಚಿಕ್ಕದು, ಬರೀ 51 ಜನರದ್ದು. ಅವರಲ್ಲಿ ನೂರಕ್ಕೆ 40 ಮಂದಿಯಲ್ಲಿ ಖಿನ್ನತೆ, 36 ಮಂದಿಯಲ್ಲಿ ಆತಂಕ ಕಂಡುಬಂತು. ಪ್ರಮಾಣಕ್ಕಿಂತ ನನಗೆ ಮುಖ್ಯವೆನಿಸುವುದು ಆ ಅಧ್ಯಯನ ಗುರುತಿಸಿದ ಕಾರಣಗಳು: ದೇಹದ ನೋವು, ಕುಡಿತ, ಮನೆಯವರೊಂದಿಗೆ ಕೆಟ್ಟ ಸಂಬಂಧ, ಹೆಂಡತಿಗೋ ಗಂಡನಿಗೋ ಏಡ್ಸ್ ಇರುವುದು. ನಾಲ್ಕರಲ್ಲಿ ನೇರವಾಗಿ ದೇಹಕ್ಕೆ ಸೇರಿದ್ದು ಒಂದು. ಉಳಿದವು ಮನೆಯೊಳಗಿನವು.

ಮನೆಯಾಚೆಗೆ ಆಸ್ಪತ್ರೆಯಿತ್ತು. ವಿಶ್ವಸಂಸ್ಥೆಯ ಏಡ್ಸ್ ಕಾರ್ಯಕ್ರಮಕ್ಕಾಗಿ ಮುಂಬೈ ಮತ್ತು ಬೆಂಗಳೂರಿನಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನ, ಭೇದಭಾವದ ದೊಡ್ಡ ತಾಣವೇ ಆಸ್ಪತ್ರೆ ಎಂದು ದಾಖಲಿಸಿತು. ಚಿಕಿತ್ಸೆ ನಿರಾಕರಣೆ, ಒಂದು ವಾರ್ಡಿನಿಂದ ಇನ್ನೊಂದಕ್ಕೆ ಅಟ್ಟುವುದು, ಕೇಸ್ ಶೀಟಿನ ಮೇಲೋ ಮಂಚದ ಮೇಲೋ ಎದ್ದುಕಾಣುವ ಗುರುತು. ಇವನ್ನೆಲ್ಲ ಎಲ್ಲರೂ ಅನುಭವಿಸಿದರೇ? ಇಲ್ಲ, ಮತ್ತು ವಿಷಯ ಸೂಕ್ಷ್ಮವಾಗುವುದು ಇಲ್ಲೇ. ಅದೇ ಎರಡು ನಗರಗಳಲ್ಲಿ ಆ ದಶಕದಲ್ಲೇ ನಡೆದು 2008ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ, ತನಗೇ ಆದ ಅವಮಾನ, ಬೇರೆಯವರಿಗೆ ಆಯಿತೆಂದು ಕೇಳಿದ ಅವಮಾನ, ಎರಡನ್ನೂ ಬೇರೆಬೇರೆಯಾಗಿ ಅಳೆದು ನೋಡಿತು. ಸ್ವಂತಕ್ಕೆ ಅವಮಾನವಾದವರಿಗಿಂತ ಅಂಥ ಕಥೆ ಕೇಳಿದವರೇ ಹೆಚ್ಚು. ಆ ಕಥೆಗಳಿಂದ ‘ಊರೆಲ್ಲ ನಮ್ಮನ್ನು ಹೀಗೇ ನೋಡುತ್ತದೆ’ ಎಂಬ ನಂಬಿಕೆ, ನಂಬಿಕೆಯಿಂದ ಮುಚ್ಚಿಡುವಿಕೆ, ಮುಚ್ಚಿಡುವಿಕೆಯಿಂದ ಖಿನ್ನತೆ. ಗೋವೆಯ 64 ದಿನ ಅನುಭವಿಸಿದವನು ಒಬ್ಬ. ಅದರ ಸುದ್ದಿ ಓದಿ ಪರೀಕ್ಷೆಯ ಚೀಟಿಯನ್ನು ಮಡಿಚಿ ಒಳಜೇಬಿಗಿಟ್ಟುಕೊಂಡವರನ್ನು ಯಾವ ನ್ಯಾಯಾಲಯವೂ ಎಣಿಸಲಾರದು. ಭಯ ಮೊದಲು ಬಂದದ್ದರ ಬೆಲೆ ಇದು: ಅದು ಕಥೆಯಾಗಿ ಉಳಿದು, ಕಾನೂನು ಬದಲಾದ ಮೇಲೂ ತನ್ನ ಕೆಲಸ ಮಾಡುತ್ತಲೇ ಹೋಗುತ್ತದೆ.

ಹೆಂಗಸರ ಪಾಲಿಗೆ ಈ ಅನುಕ್ರಮದಲ್ಲಿ ಇನ್ನೊಂದು ಗಂಟಿತ್ತು. ತಾಯಿಯಿಂದ ಮಗುವಿಗೆ ಸೋಂಕು ದಾಟದಂತೆ ತಡೆಯುವ ಕಾರ್ಯಕ್ರಮ ಈ ಶತಮಾನದ ಮೊದಲ ವರ್ಷಗಳಲ್ಲಿ ಸರ್ಕಾರಿ ಹೆರಿಗೆ ಆಸ್ಪತ್ರೆಗಳಿಗೆ ಬಂತು. ಒಳ್ಳೆಯ ಕಾರ್ಯಕ್ರಮ, ಲೆಕ್ಕವಿಲ್ಲದಷ್ಟು ಮಕ್ಕಳನ್ನು ಉಳಿಸಿದೆ. ಆದರೆ ಅದರ ಒಂದು ಫಲ ಯಾರೂ ಬಯಸಿರದಂಥದ್ದು. ಗಂಡ ಪರೀಕ್ಷೆ ಮಾಡಿಸಿಕೊಂಡಿರುವುದಿಲ್ಲ, ಬಸುರಿಯಾದ ಹೆಂಡತಿಯ ರಕ್ತ ಮೊದಲು ಪ್ರಯೋಗಾಲಯಕ್ಕೆ ಹೋಗುತ್ತದೆ, ಮನೆಗೆ ಸುದ್ದಿ ತರುವವಳು ಅವಳು. ಸುದ್ದಿ ತಂದವಳೇ ರೋಗ ತಂದವಳಾಗುತ್ತಾಳೆ. 2003ರಲ್ಲಿ ಬಾಗಲಕೋಟೆ ಜಿಲ್ಲೆಯಲ್ಲಿ ಸಾಮಾನ್ಯ ಜನರ ನಡುವೆಯೇ ನಡೆದ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು 3 ವಯಸ್ಕರಲ್ಲಿ ಸೋಂಕು ಕಂಡುಬಂದಿತ್ತು. ಹಳ್ಳಿಯ ಮಟ್ಟಿಗೆ ಅದು ಓಣಿಗೊಂದು ಮನೆ. ಚಿಕಿತ್ಸೆಯಿಲ್ಲದ ಆ ವರ್ಷಗಳಲ್ಲಿ ಗಂಡನ ಆರೈಕೆ ಮಾಡಿ, ಅವನು ತೀರಿಕೊಂಡ ಮೇಲೆ ಗಂಡನನ್ನು ನುಂಗಿದವಳೆನಿಸಿಕೊಂಡು, ತಾನೂ ಸೋಂಕಿತಳೆಂದು ಅರಿತು, ಹೊಲದ ಪಾಲಿಗಾಗಿ ಮೈದುನರ ಜೊತೆ ಜಗಳಕ್ಕಿಳಿಯಬೇಕಾದವಳ ಖಿನ್ನತೆಗೆ ವೈರಸ್ ಎಷ್ಟು ಕಾರಣ, ಪಹಣಿ ಪತ್ರ ಎಷ್ಟು ಕಾರಣ?

ವೈರಸ್ಸನ್ನು ಪೂರ್ತಿ ದೋಷಮುಕ್ತ ಮಾಡುವುದೂ ಸರಿಯಲ್ಲ. ಇದು ಎರಡನೆಯ, ಹೆಚ್ಚು ಗಟ್ಟಿಯಾದ ಆಕ್ಷೇಪ. ಎಚ್‌ಐವಿ ಮಿದುಳಿಗೆ ನುಗ್ಗುತ್ತದೆ. ಅದು ತರುವ ಮರೆವು, ಮಂಕುತನ, ಕೈಕಾಲುಗಳ ನಿಧಾನಗತಿಯನ್ನು ಅಮೆರಿಕದ ನರವೈದ್ಯರು 1986ರಲ್ಲೇ ವಿವರಿಸಿದ್ದರು. ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಕ್ಷಯದ ಮೆನಿಂಜೈಟಿಸ್, ಕ್ರಿಪ್ಟೊಕಾಕಸ್ ಶಿಲೀಂಧ್ರದ ಮೆನಿಂಜೈಟಿಸ್ ಬರುತ್ತವೆ. ಅವು ಎಷ್ಟೋ ಸಲ ಹುಚ್ಚಿನಂತೆಯೇ ಕಾಣುತ್ತವೆ. ಸ್ವಾರಸ್ಯವೆಂದರೆ, ಈ ಆಕ್ಷೇಪಕ್ಕೆ ಒಂದಿಷ್ಟು ಉತ್ತರ ಸಿಕ್ಕಿದ್ದೂ ಬೆಂಗಳೂರಿನಲ್ಲೇ. ಭಾರತದಲ್ಲಿ ಹೆಚ್ಚಾಗಿರುವುದು ವೈರಸ್ಸಿನ ‘ಸಿ’ ಉಪಪ್ರಭೇದ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಉದಯಕುಮಾರ್ ರಂಗ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದಂತೆ, ಈ ಪ್ರಭೇದದ ‘ಟ್ಯಾಟ್’ ಎಂಬ ಪ್ರೋಟೀನಿನಲ್ಲಿ ಒಂದು ಸಣ್ಣ ಬದಲಾವಣೆಯಿದೆ. ಬಿಳಿರಕ್ತಕಣಗಳನ್ನು ತನ್ನತ್ತ ಸೆಳೆಯುವ ಅದರ ಶಕ್ತಿ ಅದರಿಂದ ಕುಂದಿದೆ. ಇಲ್ಲಿ ತೀವ್ರ ಮರೆಗುಳಿತನ ಅಷ್ಟಾಗಿ ಕಾಣದಿರುವುದಕ್ಕೆ ಇದೂ ಒಂದು ಕಾರಣವಿರಬಹುದೆಂದು ಊಹಿಸಲಾಯಿತು. ನಿಮ್ಹಾನ್ಸ್ ಅಧ್ಯಯನಗಳು ಇನ್ನೂ ರೋಗಲಕ್ಷಣವಿಲ್ಲದ ಸೋಂಕಿತರಲ್ಲಿ ಅರ್ಧಕ್ಕೂ ಹೆಚ್ಚು ಜನಕ್ಕೆ ನೆನಪು, ಗಮನಗಳಲ್ಲಿ ಸೌಮ್ಯ ಕೊರತೆಯಿದ್ದುದನ್ನು ಕಂಡವು, ಘೋರವಾದ ಬುದ್ಧಿಕ್ಷಯವನ್ನಲ್ಲ. ಹಾಗಾಗಿ ಜೀವಶಾಸ್ತ್ರದ ಪಾಲು ನಿಜ, ಆದರೆ ಮಿತ. ಮದ್ದಿನ ಪಾಲನ್ನೂ ಇಲ್ಲೇ ಹೇಳಿಬಿಡಬೇಕು. ದೇಶದ ಬಹುಪಾಲು ರೋಗಿಗಳು ಹಲವು ವರ್ಷ ನುಂಗಿದ ಮಿಶ್ರಮಾತ್ರೆಯಲ್ಲಿ ಎಫಾವಿರೆಂಜ್ ಇತ್ತು. ರಾತ್ರಿ ಮಲಗುವ ಹೊತ್ತಿಗೇ ತೆಗೆದುಕೊಳ್ಳಿ ಎಂದು ಹೇಳುತ್ತಿದ್ದುದಕ್ಕೆ ಕಾರಣ ಅದು ತರುತ್ತಿದ್ದ ತಲೆಸುತ್ತು, ಅಮಲು. ಅದು ನಿದ್ದೆಯಲ್ಲಿ ಎಚ್ಚರದಷ್ಟೇ ಸ್ಪಷ್ಟವಾದ ಕೆಟ್ಟ ಕನಸುಗಳನ್ನೂ ತರುತ್ತಿತ್ತು. ಆತ್ಮಹತ್ಯೆಯ ಯೋಚನೆ ಮತ್ತು ಯತ್ನಗಳ ಅಪಾಯ ಈ ಔಷಧಿಯಿಂದ ಎರಡು ಪಟ್ಟಿಗೂ ಹೆಚ್ಚಾಗುತ್ತದೆಂದು 2014ರ ಅಮೆರಿಕದ ವಿಶ್ಲೇಷಣೆ ಹೇಳಿತು. ಭಾರತ ಡೊಲುಟೆಗ್ರಾವಿರ್ ಇರುವ ಮಾತ್ರೆಗೆ ಬದಲಾಗುವ ಹೊತ್ತಿಗೆ 2020 ಬಂದಿತ್ತು.

ಇನ್ನು ಮನಸ್ಸಿನ ಕಡೆ ನೋಡಿಕೊಳ್ಳಲೆಂದೇ ಒಬ್ಬರಿದ್ದರಲ್ಲ, ಆಪ್ತಸಮಾಲೋಚಕರು? ಆ ವೃತ್ತಿಯ ಚರಿತ್ರೆಯನ್ನು ತುಸು ಹತ್ತಿರದಿಂದ ನೋಡುವುದು ಲೇಸು. ‘ಆಪ್ತಸಮಾಲೋಚನೆ’ ಎಂಬ ಪದವನ್ನು ತಾಲ್ಲೂಕು ಆಸ್ಪತ್ರೆಯ ಗೋಡೆಬರಹದವರೆಗೆ ತಂದದ್ದು ಬಹುಮಟ್ಟಿಗೆ ಎಚ್‌ಐವಿ ಕಾರ್ಯಕ್ರಮವೇ. 1997ರಿಂದ ಸ್ವಯಂಪ್ರೇರಿತ ಪರೀಕ್ಷಾ ಕೇಂದ್ರಗಳು, 2006ರ ಹೊತ್ತಿಗೆ ಅವು ಸಮಗ್ರ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳು, ಅಂದರೆ ಐಸಿಟಿಸಿಗಳು. ಆಸ್ಪತ್ರೆಯ ಮೂಲೆಯ ಒಂದು ಕೋಣೆ, ಬಾಗಿಲಿಗೆ ಪರದೆ, ಮೇಜಿನ ಮೇಲೆ ಪುಟ ತಿರುಗಿಸುವ ಚಿತ್ರಪಟ, ಕಾಂಡೋಮ್ ಹಾಕುವುದನ್ನು ತೋರಿಸಲು ಮರದ ಮಾದರಿ, ಬದಿಯಲ್ಲಿ ದಪ್ಪ ರಿಜಿಸ್ಟರು. ಕೂತವರು ಹೆಚ್ಚಾಗಿ ಸಮಾಜಕಾರ್ಯ ಓದಿದ ಎಳೆಯರು, ಗುತ್ತಿಗೆ ನೌಕರರು. ಪರೀಕ್ಷೆಗೆ ಮುನ್ನ ಕೇಳಬೇಕಾದ್ದು: ಯಾರೊಂದಿಗೆ ಸಂಪರ್ಕವಾಗಿತ್ತು, ಯಾವಾಗ, ಕಾಂಡೋಮ್ ಬಳಸಿದ್ದಿರಾ. ಸೋಂಕಿಲ್ಲವೆಂದು ಬಂದರೆ ಹೇಳಬೇಕಾದ್ದು: ಮೂರು ತಿಂಗಳ ನಂತರ ಇನ್ನೊಮ್ಮೆ ಬನ್ನಿ. ಇದೆಯೆಂದು ಬಂದರೆ: ಗಂಡನನ್ನೋ ಹೆಂಡತಿಯನ್ನೋ ಪರೀಕ್ಷೆಗೆ ಕರೆತನ್ನಿ, ವೈರಸ್ ತಡೆಯುವ ಮಾತ್ರೆ ಕೊಡುವ ಎಆರ್‌ಟಿ ಕೇಂದ್ರದಲ್ಲಿ ನೋಂದಾಯಿಸಿ. ಅಂದರೆ ಈ ಸಮಾಲೋಚನೆ ಹುಟ್ಟಿದ್ದು ಸೋಂಕು ಮುಂದಕ್ಕೆ ಹರಡದಂತೆ ತಡೆಯಲು. ಕೋಣೆಯಲ್ಲಿ ಕೂತ ಮನುಷ್ಯನಿಗಿಂತ ಅವನಿಂದ ಸೋಂಕು ತಗಲಬಹುದಾದ ಇನ್ನೊಬ್ಬನ ಮೇಲೆ ಅದರ ಕಣ್ಣು. ರಿಜಿಸ್ಟರಿನಲ್ಲಿ ಎಷ್ಟು ಜನಕ್ಕೆ ಪರೀಕ್ಷೆ, ಎಷ್ಟು ಜನ ಎಆರ್‌ಟಿಗೆ ರವಾನೆ ಎಂಬುದಕ್ಕೆ ಅಂಕಣವಿತ್ತು. ರಾತ್ರಿ ನಿದ್ದೆ ಬರುತ್ತದೆಯೇ ಎಂಬುದಕ್ಕೆ ಇರಲಿಲ್ಲ. ಆ ಎಳೆಯರಲ್ಲಿ ಎಷ್ಟೋ ಜನ ಅಂಕಣದಾಚೆಗೂ ಹೋಗಿ ನಿಜವಾಗಿ ಆಪ್ತರಾದರು, ಅವರಿಗೆ ಋಣಿಯಾದ ಕುಟುಂಬಗಳು ಬಹಳ. ಆದರೆ ಅದು ಅವರ ಮನುಷ್ಯತ್ವ, ಕಾರ್ಯಕ್ರಮದ ವಿನ್ಯಾಸವಲ್ಲ.

ವಿನ್ಯಾಸಕ್ಕೆ ಬೇಕಾದ ಮಾದರಿ ಕೈಗೆಟಕುವಲ್ಲೇ ಇತ್ತೆಂಬುದು ಇನ್ನಷ್ಟು ಖೇದದ ಸಂಗತಿ. 1982ರಲ್ಲಿ ಭಾರತ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಘೋಷಿಸಿತು. ಅದನ್ನು ಜಿಲ್ಲಾ ಮಟ್ಟದಲ್ಲಿ ನಡೆಸುವುದು ಹೇಗೆಂದು ನಿಮ್ಹಾನ್ಸ್ 1985ರಿಂದ 1990ರವರೆಗೆ ಬಳ್ಳಾರಿಯಲ್ಲಿ ಮಾಡಿ ತೋರಿಸಿತು: ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ, ಹಳ್ಳಿ ಸುತ್ತುವ ಆರೋಗ್ಯ ಕಾರ್ಯಕರ್ತರಿಗೆ ಸರಳ ಪ್ರಶ್ನೆಗಳು, ನಾಲ್ಕಾರು ಅಗತ್ಯ ಔಷಧಿಗಳ ತಪ್ಪದ ಸರಬರಾಜು. 1996ರಲ್ಲಿ ಬೇರೆ ರಾಜ್ಯಗಳಲ್ಲೂ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಿಂತದ್ದು ಈ ಬಳ್ಳಾರಿ ಮಾದರಿಯ ಮೇಲೆಯೇ. ಬಳ್ಳಾರಿ ಪ್ರಯೋಗ ನಡೆಯುತ್ತಿದ್ದಾಗಲೇ ಎಚ್‌ಐವಿ ಪತ್ತೆಯಾಯಿತು. ಉತ್ತರ ಕರ್ನಾಟಕದ ಬಾಗಲಕೋಟೆ, ಬೆಳಗಾವಿ, ವಿಜಯಪುರಗಳಲ್ಲಿ ಅದು ಹರಡುತ್ತಿದ್ದಾಗಲೇ ಜಿಲ್ಲಾ ಕಾರ್ಯಕ್ರಮ ಬೆಳೆಯುತ್ತಿತ್ತು. ಎರಡೂ ಒಂದೇ ಆರೋಗ್ಯ ಇಲಾಖೆಯ ಕೂಸುಗಳು. ಆದರೂ ಎತ್ತು ಏರಿಗೆ, ಕೋಣ ನೀರಿಗೆ. ಎಚ್‌ಐವಿಗೆ 1992ರಲ್ಲಿ ನ್ಯಾಕೊ ಎಂಬ ಪ್ರತ್ಯೇಕ ಸಂಸ್ಥೆ, ವಿಶ್ವಬ್ಯಾಂಕಿನ ಸಾಲ, ರಾಜ್ಯಗಳಲ್ಲಿ ಪ್ರತ್ಯೇಕ ಸೊಸೈಟಿಗಳು, ಪ್ರತ್ಯೇಕ ಸಿಬ್ಬಂದಿ. ಮಾನಸಿಕ ಆರೋಗ್ಯಕ್ಕೆ ಬಡ ಬಜೆಟ್ಟು. ಹಣವುಳ್ಳ ಕಾರ್ಯಕ್ರಮಕ್ಕೆ ಮನಸ್ಸು ಬೇಕಿರಲಿಲ್ಲ, ಮನಸ್ಸನ್ನು ಬಲ್ಲ ಕಾರ್ಯಕ್ರಮಕ್ಕೆ ಹಣವಿರಲಿಲ್ಲ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಖಾರವಾದದ್ದು: ಭಯವೇ ಅಲ್ಲವೇ ದೇಶವನ್ನು ಉಳಿಸಿದ್ದು? ಕೋಟಿಗಟ್ಟಲೆ ಜನ ಸಾಯುತ್ತಾರೆಂದು ಹೆದರಿಸಿದ್ದರಿಂದಲೇ ಗಂಡಸರು ಹುಷಾರಾದರು, ತಲೆಬುರುಡೆಯ ಚಿತ್ರವಿದ್ದ ಭಿತ್ತಿಪತ್ರಕ್ಕೆ ಮಾನಸಿಕ ನೋವಿನ ಬೆಲೆ ತೆರಬೇಕಾಗಿ ಬಂದರೂ ಅದು ಲಾಭದ ವ್ಯಾಪಾರ ಎನ್ನುವವರಿದ್ದಾರೆ. ಇದಕ್ಕೆ ಅಂಕಿಯ ಆಸರೆಯೂ ಇದೆ. ದಕ್ಷಿಣದ ರಾಜ್ಯಗಳಲ್ಲಿ 15ರಿಂದ 24 ವಯಸ್ಸಿನ ಗರ್ಭಿಣಿಯರ ಪೈಕಿ ಸೋಂಕು 2000ದಲ್ಲಿ ನೂರಕ್ಕೆ 1.7 ಇದ್ದದ್ದು 2004ರಲ್ಲಿ 1.1ಕ್ಕೆ ಇಳಿಯಿತೆಂದು 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಗಂಡಸರು ಹಣ ಕೊಟ್ಟು ಸಂಗ ಬಯಸುವುದು ಕಡಿಮೆಯಾಗಿರಬೇಕು ಅಥವಾ ಕಾಂಡೋಮ್ ಬಳಕೆ ಹೆಚ್ಚಾಗಿರಬೇಕು ಎಂದು ಲೇಖಕರು ಅರ್ಥೈಸಿದರು. ಮೊದಲನೆಯದರಲ್ಲಿ ಭಯದ ಪಾತ್ರವಿದ್ದಿರಬಹುದು, ಅದನ್ನು ಅಲ್ಲಗಳೆಯುವ ಹಟ ನನಗಿಲ್ಲ. ಎರಡನೆಯದು ಮಾತ್ರ ಭಯದಿಂದ ಆದದ್ದಲ್ಲ. ಕೋಲ್ಕತ್ತೆಯ ಸೋನಾಗಾಚಿಯಲ್ಲಿ 1992ರಿಂದ, ಆಮೇಲೆ ಸಾಂಗ್ಲಿಯಲ್ಲಿ, ಮೈಸೂರಿನ ಆಶೋದಯದಲ್ಲಿ ಕಾಂಡೋಮಿಗೆ ಒತ್ತಾಯಿಸುವ ಬಲ ಬಂದದ್ದು ಲೈಂಗಿಕ ವೃತ್ತಿಯವರು ಸಂಘ ಕಟ್ಟಿಕೊಂಡು, ಪೊಲೀಸರನ್ನೂ ಗಿರಾಕಿಯನ್ನೂ ಒಟ್ಟಾಗಿ ಎದುರಿಸಿದ್ದರಿಂದ. ಹೆದರಿದವರು ಪರೀಕ್ಷೆಯ ಕೋಣೆಯಿಂದ ದೂರ ಉಳಿಯುತ್ತಾರೆ, ಗೊತ್ತಾದವರು ಮನೆಯಲ್ಲಿ ಹೇಳುವುದಿಲ್ಲ. ಹೇಳದ ಸೋಂಕೇ ಹರಡುವ ಸೋಂಕು. ಲಾಭದ ವ್ಯಾಪಾರವೆನ್ನುವವರು ಈ ಬಾಬತ್ತನ್ನು ಲೆಕ್ಕಕ್ಕೆ ಹಿಡಿದಂತಿಲ್ಲ.

ಮಾತ್ರೆ ಬಂದ ಮೇಲೆ ಕಥೆ ಮುಗಿಯಲಿಲ್ಲವೇ ಎಂಬುದು ಉಳಿದ ಪ್ರಶ್ನೆ. ದಿನಕ್ಕೊಂದು ಮಾತ್ರೆ, ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಕಡಿಮೆ, ಸಂಗಾತಿಗೆ ದಾಟುವ ಭಯವಿಲ್ಲ, ಆಯುಷ್ಯ ಹೆಚ್ಚುಕಡಿಮೆ ಎಲ್ಲರಷ್ಟೇ. ನಿಜ, ಮತ್ತು ದೊಡ್ಡ ನಿಜ. ಆದರೆ ಮೊದಲ ಮಾತ್ರೆಗಳಲ್ಲಿದ್ದ ಸ್ಟಾವುಡಿನ್ ಕೆನ್ನೆಯ ಕೊಬ್ಬನ್ನು ಕರಗಿಸುತ್ತಿತ್ತು: ಮುಖ ಗುಳಿಬಿದ್ದು, ಕೈಕಾಲು ಸಣಕಲಾಗಿ, ಜೀವ ಉಳಿಸಿದ ಮದ್ದೇ ಬೀದಿಯಲ್ಲಿ ಗುಟ್ಟು ಬಯಲು ಮಾಡುತ್ತಿತ್ತು. 2017ರವರೆಗೆ, ಬಹುಮಟ್ಟಿಗೆ, ರೋಗನಿರೋಧಕ ಸಿಡಿ4 ಕಣಗಳ ಎಣಿಕೆ ನಿಗದಿತ ಮಟ್ಟಕ್ಕಿಂತ ಇಳಿದವರಿಗಷ್ಟೇ ಮಾತ್ರೆ. ಉಳಿದವರು ಆರು ತಿಂಗಳಿಗೊಮ್ಮೆ ಬಂದು ತಮ್ಮ ಎಣಿಕೆ ಕುಸಿಯುವುದನ್ನೇ ಕಾಯಬೇಕಿತ್ತು. ‘ಇನ್ನೂ ಮಾತ್ರೆ ಬೇಡ’ ಎಂಬ ಮಾತು ಸಮಾಧಾನವೋ ಶಿಕ್ಷೆಯೋ ತಿಳಿಯದ ಸ್ಥಿತಿ ಅದು. ಇವತ್ತಿಗೂ ಎಆರ್‌ಟಿ ಕೇಂದ್ರಕ್ಕೆ ಬರುವವರ ಚೀಲದಲ್ಲೊಂದು ಹಸಿರು ಪುಸ್ತಕ ಇರುತ್ತದೆ, ‘ಗ್ರೀನ್ ಬುಕ್’. ಅದಿಲ್ಲದೆ ಮಾತ್ರೆಯಿಲ್ಲ, ಅದು ಮನೆಯಲ್ಲಿ ಯಾರ ಕಣ್ಣಿಗಾದರೂ ಬಿದ್ದರೆ ನೆಮ್ಮದಿಯಿಲ್ಲ. ಹತ್ತಿರದ ಕೇಂದ್ರ ಬಿಟ್ಟು ಪಕ್ಕದ ಜಿಲ್ಲೆಗೆ ಬಸ್ಸು ಹತ್ತುವವರು, ಡಬ್ಬಿಯ ಚೀಟಿ ಕಿತ್ತು ವಿಟಮಿನ್ ಮಾತ್ರೆಯೆನ್ನುವವರು ಎಲ್ಲ ಕೇಂದ್ರಗಳಿಗೂ ಪರಿಚಿತರು. ಹುಟ್ಟಿನಿಂದಲೇ ಸೋಂಕಿದ್ದ ಮಕ್ಕಳು ಈಗ ಮದುವೆಯ ವಯಸ್ಸಿಗೆ ಬಂದಿದ್ದಾರೆ. ಮಾತ್ರೆ ಸಿಗುವ ಮೊದಲು ಗಂಡನನ್ನು ಕಳೆದುಕೊಂಡವರಿಗೆ ಅರುವತ್ತಾಗುತ್ತಿದೆ. ಕರ್ನಾಟಕದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ಎಚ್‌ಐವಿಯೊಂದಿಗೆ ಬದುಕುತ್ತಿದ್ದಾರೆ. ಖಿನ್ನತೆಗೊಳಗಾದವರು ಮಾತ್ರೆ ತಪ್ಪಿಸುತ್ತಾರೆ, ಮಾತ್ರೆ ತಪ್ಪಿದರೆ ವೈರಸ್ ಮೇಲೇಳುತ್ತದೆ. ಇಷ್ಟರ ಮಟ್ಟಿಗೆ ಮನಸ್ಸಿನ ವಿಷಯ ಎಚ್‌ಐವಿ ಕಾರ್ಯಕ್ರಮದ ಸ್ವಂತ ಲೆಕ್ಕಕ್ಕೂ ಸೇರಿದ್ದು. ಈ ಎರಡು ಚಿಕಿತ್ಸೆಗಳನ್ನು ಕೂಡಿಸುವುದು ಹೇಗೆಂದು ವಿಶ್ವಸಂಸ್ಥೆಯ ಏಡ್ಸ್ ಕಾರ್ಯಕ್ರಮ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಒಟ್ಟಾಗಿ ಒಂದು ಕೈಪಿಡಿ ಹೊರತಂದದ್ದು 2022ರಲ್ಲಿ, ಮೊದಲ ರೋಗಿಗಳ ವರದಿಯಾದ 41 ವರ್ಷಗಳ ಮೇಲೆ.

2017ರ ಏಪ್ರಿಲ್ 7ರಂದು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಗೆ ರಾಷ್ಟ್ರಪತಿಯ ಅಂಕಿತ ಬಿತ್ತು. 20ರಂದು ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಗೆ. ಹದಿಮೂರು ದಿನಗಳ ಅಂತರ. ಒಂದು ಕಾಯ್ದೆ ಆತ್ಮಹತ್ಯೆಗೆ ಯತ್ನಿಸಿದವರನ್ನು ಅಪರಾಧಿಯೆಂದಲ್ಲ, ತೀವ್ರ ಒತ್ತಡಕ್ಕೆ ಸಿಕ್ಕವರೆಂದು ನೋಡಬೇಕೆಂದಿತು. ಇನ್ನೊಂದು, ಒಪ್ಪಿಗೆಯಿಲ್ಲದ ಪರೀಕ್ಷೆಯನ್ನೂ ಗುಟ್ಟು ಬಯಲು ಮಾಡುವುದನ್ನೂ ಉದ್ಯೋಗದಿಂದ ತೆಗೆಯುವುದನ್ನೂ ನಿಷೇಧಿಸಿತು. ರಿಮ್ಯಾಂಡ್ ಹೋಮಿನ ಆ ಹೆಂಗಸರ ಒಪ್ಪಿಗೆಗೆ ಕಾನೂನು ಬಂದದ್ದು 31 ವರ್ಷ ತಡವಾಗಿ. ಒಂದರ ದೂರು ಕೇಳಲು ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿ, ಇನ್ನೊಂದರದ್ದಕ್ಕೆ ಒಂಬುಡ್ಸ್‌ಮನ್. ಫೋನಿನ ಸಂಖ್ಯೆಗಳೂ ಎರಡು. ಎಚ್‌ಐವಿಯ ಬಗ್ಗೆ ಕೇಳಬೇಕಾದವರಿಗೆ 1097. ಮನಸ್ಸು ಕುಗ್ಗಿದವರಿಗೆ, 2022ರ ಅಕ್ಟೋಬರಿನಲ್ಲಿ ನಿಮ್ಹಾನ್ಸ್ ಮುಂದಾಳತ್ವದಲ್ಲಿ ಶುರುವಾದ ಟೆಲಿ ಮಾನಸ್, 14416. ಪರೀಕ್ಷೆಯ ಚೀಟಿ ಹಿಡಿದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತವರು ಯಾವುದನ್ನು ಒತ್ತಬೇಕೆಂದು ಎರಡು ಕಾಯ್ದೆಗಳಲ್ಲಿ ಯಾವುದೂ ಹೇಳುವುದಿಲ್ಲ.